ಮೋಟಾರಿನ ಇಂಜಿನ್ನಿಗೆ ಎಣ್ಣೆ ಎಷ್ಟು ಹಾಕಬೇಕು?



ಸಂಜೆಯ ಹೊತ್ತು ನಮ್ಮ ಉಚಿತ ವಾಚನಾಲಯಕ್ಕೆ ಬಂದು ಪತ್ರಿಕೆ ಓದುವವರಲ್ಲಿ ಟ್ಯಾಕ್ಸಿ ಮತ್ತು ಬಾಡಿಗೆ ಕಾರು ಓಡಿಸುವವರು ಬಹಳ ಮಂದಿ ಇದ್ದಾರೆ. ಉಳಿದವರಲ್ಲಿಯೂ ಸಾಲ ಮಾಡಿ ಹಳೆಯದೋ ಹೊಸದೋ ಒಂದು ಸಣ್ಣ ಕಾರು ಕೊಂಡವರು ಇತ್ತೀಚೆಗೆ ಹೆಚ್ಚಿದ್ದಾರೆ. ಅವರಿಗೆ ಉಪಯೋಗವಾಗಲೆಂದು ಈ ಪಾಠವನ್ನು ಬರೆಯುತ್ತಿದ್ದೇನೆ. ಬರೆಯುವವನು ಇಂಜಿನಿಯರನಲ್ಲ. ಮೆಟ್ರಿಕ್ ಮುಗಿಸಿ ಬಟ್ಟೆ ಗಿರಣಿಯೊಂದರ ಉಗ್ರಾಣದಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಎಣ್ಣೆಯ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿ, ಬೇರೆಯವರ ಹೊಟ್ಟೆಯ ಮೇಲೆ ಹೊಡೆದಂತೆ ಆಗಿ, ಆ ಮೇಲೆ ಕೈಪಿಡಿಗಳನ್ನು ಓದಿ, ತಿಳಿದ ಮೇಸ್ತ್ರಿಗಳನ್ನು ಕೇಳಿ ಕಲಿತುಕೊಂಡೆ. ಆ ತಪ್ಪಿನಿಂದಲೇ ಪ್ರಾರಂಭಿಸುತ್ತೇನೆ.

ನಮ್ಮ ಚಾಳಿನಲ್ಲಿ ವಿಜಾಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಯನ್ನು ಅನೇಕ ವರ್ಷ ಓಡಿಸಿದವರು. 2023ರ ಅಕ್ಟೋಬರದಲ್ಲಿ ಕೊನೆಯ ಪದ್ಮಿನಿಗಳು ಈ ಊರಿನ ರಸ್ತೆ ಬಿಟ್ಟುಹೋಗುವ ಮೊದಲೇ ಕಾಕಾ ಸಾಲ ಮಾಡಿ ಗ್ಯಾಸಿನ ಸಣ್ಣ ಕಾರೊಂದನ್ನು ಕೊಂಡಿದ್ದರು. ಒಂದು ಸಲ ಅವರು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದಾಗ ಗಾಡಿಯನ್ನು ಮಗ ಓಡಿಸುತ್ತಿದ್ದ. ಸಂಜೆ ಅವನು ಗಾಡಿ ತಂದು ನಿಲ್ಲಿಸಿ ಊಟಕ್ಕೆ ಒಳಗೆ ಹೋದ. ಕಾಕಾ ನನ್ನನ್ನು ಕರೆದು, "ತಮ್ಮಾ, ನೀ ಲೆಕ್ಕದಾಂವ ಅದಿ. ಎಣ್ಣಿ ಎಷ್ಟೈತಿ ನೋಡಿ, ಕಡಿಮಿ ಇದ್ರ ಹಾಕಿಬಿಡು. ನನಗ ಕಣ್ಣ ಕಾಣವಲ್ದು" ಎಂದರು.

"ಆಗಲಿ ಕಾಕಾ" ಎಂದು ನಾನು ಬಾನೆಟ್ ಎತ್ತಿ ಅಳತೆಯ ಕಡ್ಡಿಯನ್ನು ಎಳೆದು ನೋಡಿದೆ. ಎಣ್ಣೆ ಕೆಳಗಿನ ಗುರುತಿನ ಹತ್ತಿರವಿತ್ತು. ಆ ಕಾರಿನಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಒಂದು ಲೀಟರ್ ಎಂದು ಕಾಕಾ ಹೇಳಿದ್ದರು. ಡಬ್ಬಿಯೂ ಒಂದು ಲೀಟರಿನದೇ. ಲೆಕ್ಕ ಕೂಡಿತು ಎಂದು ಇಡೀ ಡಬ್ಬಿಯನ್ನು ಸುರಿದು, ಮುಚ್ಚಳ ತಿರುಗಿಸಿ, ಕೈ ತೊಳೆದುಕೊಂಡೆ. ರಾತ್ರಿ ಬಾಡಿಗೆಗೆ ಹೋದ ಮಗ ಬೆಳಗಾಗುವ ಮೊದಲೇ ತಿರುಗಿ ಬಂದ. "ಅಣ್ಣಾ, ಹಿಂದ ನೀಲಿ ಹೊಗಿ ಬರಾಕತ್ತೈತಿ, ಕೆಳಗ ಎಣ್ಣಿ ಸೋರಾಕತ್ತೈತಿ" ಎಂದ.

ಗ್ಯಾರೇಜಿನಲ್ಲಿ ನೋಡಿದಾಗ ಎಣ್ಣೆ ಮೇಲಿನ ಗುರುತಿಗಿಂತ ಅರ್ಧ ಲೀಟರಿಗೂ ಹೆಚ್ಚಾಗಿತ್ತು. ಹೆಚ್ಚಿನದನ್ನು ಇಳಿಸಿದರು, ಒಂದು ಸೀಲನ್ನು ಬದಲಾಯಿಸಬೇಕಾಯಿತು. ಎರಡು ದಿನ ಗಾಡಿ ನಿಂತಿತು. ದಿನದ ದುಡಿಮೆಯಿಂದ ಕಂತು ಕಟ್ಟುವವರಿಗೆ ಎರಡು ದಿನವೆಂದರೇನೆಂಬುದು ವಾಚಕರಿಗೆ ಗೊತ್ತು. ನಾನು ಖರ್ಚು ಕೊಡಲು ಹೋದರೆ ಕಾಕಾ ತೆಗೆದುಕೊಳ್ಳಲಿಲ್ಲ. "ನೀ ಬೇಕಂತ ಮಾಡಿದೇನು?" ಎಂದಷ್ಟೇ ಅಂದರು. ಅದು ಬೈದದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು.

ನನ್ನ ಕೂಡಿಕೆ ಕಳೆಯುವಿಕೆ ಸರಿಯಾಗಿಯೇ ಇತ್ತು, ಅಳತೆ ತಪ್ಪಾಗಿತ್ತು. ಒಂದನೆಯದಾಗಿ, ಇಂಜಿನ್ ಆರಿಸಿದ ಕೂಡಲೇ ನೋಡಿದ್ದೆ. ಎರಡನೆಯದಾಗಿ, ಗಾಡಿಯ ಒಂದು ಪಕ್ಕದ ಗಾಲಿಗಳು ಫುಟ್‌ಪಾಥಿನ ಮೇಲಿದ್ದವು. ಇವೆರಡೂ ಏಕೆ ತಪ್ಪು ಎಂಬುದನ್ನು ತಿಳಿಯಬೇಕಾದರೆ ಎಣ್ಣೆ ಇಂಜಿನ್ನಿನಲ್ಲಿ ಎಲ್ಲಿರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯಬೇಕು.

ಇಂಜಿನ್ನಿನ ತಳದಲ್ಲಿ ಒಂದು ತಟ್ಟೆಯಂಥ ಪಾತ್ರೆ ಇದೆ. ನಮ್ಮ ಮೇಸ್ತ್ರಿಗಳು ಅದನ್ನು ಚೇಂಬರ್ ಎನ್ನುತ್ತಾರೆ. ಗಾಡಿ ನಿಂತಿರುವಾಗ ಎಣ್ಣೆಯೆಲ್ಲ ಬಹುಮಟ್ಟಿಗೆ ಇಲ್ಲಿಯೇ ಇರುತ್ತದೆ. ಇಂಜಿನ್ ತಿರುಗಲು ತೊಡಗಿದೊಡನೆ ಒಂದು ಪಂಪು ಈ ಎಣ್ಣೆಯನ್ನು ಜಾಳಿಗೆಯ ಮೂಲಕ ಹೀರಿ, ಫಿಲ್ಟರಿನಲ್ಲಿ ಸೋಸಿ, ಸಣ್ಣ ಸಣ್ಣ ಕಾಲುವೆಗಳ ಮೂಲಕ ಮೇಲಕ್ಕೆ ನೂಕುತ್ತದೆ. ಕ್ರ್ಯಾಂಕ್ ದಂಡದ ಬೇರಿಂಗುಗಳು, ಅದರ ಮೇಲಿನ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳು, ತಲೆಯ ಮೇಲಿನ ಕ್ಯಾಮ್ ದಂಡ, ಎಲ್ಲಕ್ಕೂ ಎಣ್ಣೆ ಮುಟ್ಟುತ್ತದೆ. ಕೆಲಸ ಮುಗಿದ ಎಣ್ಣೆ ತನ್ನ ಭಾರದಿಂದಲೇ ಗೋಡೆಗಳ ಮೇಲೆ ಇಳಿದು ಪುನಃ ಚೇಂಬರಿಗೆ ಬರುತ್ತದೆ. ಆದುದರಿಂದ ಇಂಜಿನ್ ಆರಿಸಿದ ಕ್ಷಣದಲ್ಲಿ ಒಂದಿಷ್ಟು ಎಣ್ಣೆ ಇನ್ನೂ ಮೇಲೆಯೇ ಇರುತ್ತದೆ. ಅದು ಇಳಿಯಲು ಐದು ಹತ್ತು ನಿಮಿಷ ಬೇಕು. ಅವಸರದಲ್ಲಿ ಕಡ್ಡಿ ಎಳೆದವನಿಗೆ ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ಇನ್ನು ಗಾಡಿ ಓರೆಯಾಗಿ ನಿಂತಿದ್ದರೆ, ತಟ್ಟೆಯನ್ನು ಓರೆ ಹಿಡಿದಾಗ ಸಾರು ಒಂದು ಕಡೆಗೆ ಸರಿಯುವಂತೆ, ಎಣ್ಣೆಯೂ ಸರಿಯುತ್ತದೆ. ಕಡ್ಡಿ ಇರುವ ಕಡೆ ಎತ್ತರವಾಗಿದ್ದರೆ ಕಡಿಮೆ ತೋರುತ್ತದೆ, ತಗ್ಗಾಗಿದ್ದರೆ ಹೆಚ್ಚು ತೋರುತ್ತದೆ. ನನ್ನ ಪಾಲಿಗೆ ಎರಡು ತಪ್ಪುಗಳೂ ಒಂದೇ ಕಡೆಗೆ ಕೂಡಿದವು.

ಹೆಚ್ಚಾದರೆ ಕೆಡುಕೇನು? ನಮ್ಮಲ್ಲಿ ಎಣ್ಣೆ ತುಪ್ಪಗಳನ್ನು ಧಾರಾಳವಾಗಿ ಬಡಿಸುವುದು ಪ್ರೀತಿಯ ಗುರುತು. ಆದ್ದರಿಂದ ಈ ಮಾತನ್ನು ನಂಬುವುದು ಕಷ್ಟ. ಗಿರಣಿಯಲ್ಲಿ ನೋಡಿದವರಿಗೆ ಮಾತ್ರ ಬೇಗ ತಿಳಿಯುತ್ತದೆ. ಕದಿರಿಗೆ ಎಣ್ಣೆ ಕಡಿಮೆಯಾದರೆ ಅದು ಕಾದು ಸವೆಯುತ್ತದೆ. ಹೆಚ್ಚಾದರೆ ಹೊರಗೆ ಸಿಡಿದು ನೂಲಿಗೆ ಕಲೆ ಹಿಡಿಸುತ್ತದೆ. ಕಾರಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ದಂಡವು ಎಣ್ಣೆಯ ಮಟ್ಟದ ಸ್ವಲ್ಪ ಮೇಲೆ ತಿರುಗುವಂತೆ ಅಳತೆ ಇಟ್ಟಿರುತ್ತಾರೆ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಸುತ್ತಾಯಿತು. ಮಟ್ಟ ಬಹಳ ಏರಿದರೆ ಈ ದಂಡ ಎಣ್ಣೆಯಲ್ಲಿ ಮುಳುಗಿ, ಮಜ್ಜಿಗೆ ಕಡೆದಂತೆ ಅದನ್ನು ಕಡೆಯುತ್ತದೆ. ಕಡೆದ ಎಣ್ಣೆ ನೊರೆಯಾಗುತ್ತದೆ. ನೊರೆಯಲ್ಲಿ ಗಾಳಿ ಇದೆ. ಗಾಳಿಯನ್ನು ಅಮುಕಬಹುದು, ಎಣ್ಣೆಯನ್ನು ಅಮುಕಲಾಗದು. ಪಂಪು ನೊರೆಯನ್ನು ನೂಕಿದರೆ ಬೇರಿಂಗಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಹೀಗೆ ಎಣ್ಣೆ ಹೆಚ್ಚಾದ ಇಂಜಿನ್ನೂ ಎಣ್ಣೆ ಇಲ್ಲದ ಇಂಜಿನ್ನಿನಂತೆಯೇ ಸವೆಯಬಹುದು. ಇದಲ್ಲದೆ ಒಳಗಿನ ಹಬೆಯನ್ನು ಹೊರಬಿಡುವ ನಳಿಗೆಯ ಮೂಲಕ ಎಣ್ಣೆ ಉರಿಯುವ ಕಡೆಗೆ ಎಳೆದುಹೋಗಿ ನೀಲಿ ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ, ಹೊಗೆ ಕೊಳವೆಯಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ಸೀಲುಗಳ ಸಂದಿನಿಂದ ಸೋರುವುದನ್ನು ನಾವು ಕಂಡೆವಷ್ಟೆ.

ಮೇಲಿನ ಗುರುತಿಗಿಂತ ಕೂದಲೆಳೆಯಷ್ಟು ಹೆಚ್ಚಾದರೆ ಗಾಬರಿಯಾಗಬೇಕಾಗಿಲ್ಲ. ಕಣ್ಣಿಗೆ ಎದ್ದು ಕಾಣುವಷ್ಟು ಹೆಚ್ಚಾಗಿದ್ದರೆ ಮಾತ್ರ ಗಾಡಿ ಓಡಿಸದೆ ಇಳಿಸಬೇಕು. ಕಡ್ಡಿಯ ತೂತಿನೊಳಗೆ ತೆಳುವಾದ ನಳಿಗೆ ಬಿಟ್ಟು ಪಿಚಕಾರಿಯಿಂದ ಹೀರಬಹುದು. ನಳಿಗೆಯನ್ನು ಬಾಯಿಂದ ಮಾತ್ರ ಯಾರೂ ಹೀರಬಾರದು. ಚೇಂಬರಿನ ತಳದ ಬೋಲ್ಟ್ ಬಿಚ್ಚಿ ಇಳಿಸುವುದು ಕೈ ಪಳಗಿದವರ ಕೆಲಸ. ಬಿಸಿ ಎಣ್ಣೆ ಕೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ.

ಇನ್ನು ಕಡಿಮೆಯಾದರೆ ಆಗುವ ಅನಾಹುತವಂತೂ ದೊಡ್ಡದು. ವಾಚನಾಲಯಕ್ಕೆ ಬರುತ್ತಿದ್ದ ಧಾರವಾಡದ ಕಡೆಯ ತರುಣನೊಬ್ಬ ಮನೆಮಂದಿಯನ್ನು ಕೂಡಿಸಿಕೊಂಡು ಊರ ಜಾತ್ರೆಗೆ ಹೊರಟಿದ್ದ. ಮುಂಬಯಿಯಿಂದ ಧಾರವಾಡವೆಂದರೆ 500 ಕಿಲೋಮೀಟರಿಗೂ ಮೇಲು. ಹೊರಡುವಾಗ ಗಾಳಿ ನೋಡಿದ, ಗ್ಯಾಸು ತುಂಬಿಸಿದ, ಗಾಜು ಒರೆಸಿದ, ಎಣ್ಣೆ ನೋಡಲಿಲ್ಲ. ಪುಣೆ ದಾಟಿ ಸಾತಾರೆಯ ಕಡೆಗೆ ಖಂಬಾಟ್ಕಿ ಘಾಟು ಏರುವಾಗ ತಿರುವುಗಳಲ್ಲಿ ಒಂದು ಕೆಂಪು ದೀಪ ಹತ್ತಿ ಆರಿತು. ಹಳೆಯ ಕಾಲದ ಎಣ್ಣೆಗಿಂಡಿಯ ಆಕಾರ, ತುದಿಯಲ್ಲಿ ಒಂದು ಹನಿ. ದೀಪದ ಚಿತ್ರ ಅದು. ಆರಿತಲ್ಲ, ಸರಿಹೋಯಿತು ಎಂದುಕೊಂಡ. ಮೇಲೇರಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ನಿನೊಳಗೆ ಸುತ್ತಿಗೆಯಿಂದ ಬಡಿದಂಥ ಸದ್ದು ಕೇಳಿಸಿತು, ಆ ಮೇಲೆ ಇಂಜಿನ್ ಬಿಗಿದುಕೊಂಡು ನಿಂತೇ ಹೋಯಿತು. ಬೇರಿಂಗು ಕಾದು ದಂಡಕ್ಕೆ ಹತ್ತಿಕೊಂಡಿತ್ತು. ಮನೆಮಂದಿ ಬಸ್ಸಿನಲ್ಲಿ ಜಾತ್ರೆಗೆ ಹೋದರು. ಇವನು ಗಾಡಿಯನ್ನು ಎಳೆಸಿಕೊಂಡು ಹಿಂದಕ್ಕೆ ಬಂದ. ಇಂಜಿನ್ ಬಿಚ್ಚಿ ಕಟ್ಟಿಸುವವರೆಗೆ ಕಂತುಗಳು ಮಾತ್ರ ನಿಲ್ಲಲಿಲ್ಲ.

ಏನಾಗಿತ್ತೆಂದರೆ, ಎಣ್ಣೆ ಕಡಿಮೆಯಿದ್ದುದರಿಂದ ಏರಿನಲ್ಲಿ ಮತ್ತು ತಿರುವಿನಲ್ಲಿ ಅದು ಚೇಂಬರಿನ ಒಂದು ಮೂಲೆಗೆ ಸರಿದು, ಪಂಪಿನ ಬಾಯಿ ಗಾಳಿ ಹೀರುತ್ತಿತ್ತು. ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಈ ಕೆಂಪು ದೀಪ ತೋರಿಸುವುದು ಎಣ್ಣೆಯ ಒತ್ತಡವನ್ನು, ಎಣ್ಣೆಯ ಮಟ್ಟವನ್ನಲ್ಲ. ಮಟ್ಟ ಅಪಾಯಕ್ಕೆ ಇಳಿದರೂ ಪಂಪಿನ ಬಾಯಿಗೆ ಎಣ್ಣೆ ಸಿಗುವವರೆಗೆ ದೀಪ ಸುಮ್ಮನಿರುತ್ತದೆ. ದೀಪ ಹತ್ತಿದಾಗ ತಡವಾಗಿಯೇ ಇರುತ್ತದೆ. ಕೀಲಿ ತಿರುವಿದಾಗ ದೀಪ ಹತ್ತುವುದೂ ಇಂಜಿನ್ ತಿರುಗಿದೊಡನೆ ಆರುವುದೂ ಸರಿಯಾದ ಲಕ್ಷಣ. ಓಡುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಹತ್ತಿದರೂ ಸುರಕ್ಷಿತವಾದ ಕಡೆ ನಿಲ್ಲಿಸಿ ಇಂಜಿನ್ ಆರಿಸಿ, ಎಣ್ಣೆ ನೋಡಬೇಕು. ಕಡಿಮೆಯಿದ್ದರೆ ಹಾಕಿದ ಮೇಲೆ ದೀಪ ಆರುತ್ತದೆ. ಎಣ್ಣೆ ಸರಿಯಾಗಿದ್ದೂ ದೀಪ ಆರದಿದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗತಕ್ಕದ್ದು. ಎಳೆಸುವ ಖರ್ಚು ಇಂಜಿನ್ನಿನ ಖರ್ಚಿನ ಮುಂದೆ ಏನೂ ಅಲ್ಲ.

ಈಗ ಅಳೆಯುವ ಕ್ರಮ. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿರಿ. ಇಂಜಿನ್ ಸ್ವಲ್ಪ ಓಡಿ ಬೆಚ್ಚಗಾಗಿರಲಿ. ಅನಂತರ ಆರಿಸಿ ಐದರಿಂದ ಹತ್ತು ನಿಮಿಷ ಕಾಯಿರಿ. ಕೆಲವು ಕಂಪನಿಗಳು ತಣ್ಣಗಿರುವಾಗ ನೋಡಲು ಹೇಳುತ್ತವೆ. ನಿಮ್ಮ ಕೈಪಿಡಿ ಹೇಳಿದ್ದೇ ಪ್ರಮಾಣ. ಬಾನೆಟ್ ಎತ್ತಿದಾಗ ಅಂಗಿಯ ತೋಳು, ಕೊರಳ ವಸ್ತ್ರ ರೇಡಿಯೇಟರ್ ಪಂಕದ ಹತ್ತಿರ ಹೋಗಬಾರದು. ಬಿಸಿ ಇದ್ದಾಗ ಅದು ತಾನಾಗಿ ತಿರುಗಬಹುದು. ಕಡ್ಡಿಯನ್ನು ಎಳೆದು, ಮೊದಲ ಸಲ ಕಂಡದ್ದನ್ನು ನಂಬದೆ, ಚೆನ್ನಾಗಿ ಒರೆಸಿರಿ. ಒರೆಸಲು ನಮ್ಮ ಗಿರಣಿಗಳಲ್ಲಿ ಸಿಗುವ ಹತ್ತಿಯ ವೇಸ್ಟ್ ಬೇಡ. ಎಳೆಗಳು ಕಡ್ಡಿಗೆ ಅಂಟಿ ಒಳಗೆ ಹೋಗುತ್ತವೆ. ಒಗೆದ ಹಳೆಯ ಪಂಚೆಯ ತುಂಡು ಸಾಕು. ಕಡ್ಡಿಯನ್ನು ಪೂರ್ತಿ ಒಳಗೆ ಕೂರುವಂತೆ ತೂರಿ, ಪುನಃ ಎಳೆದು ನೋಡಿರಿ. ಎರಡು ಮಗ್ಗುಲೂ ನೋಡಬೇಕು. ಒಂದು ಕಡೆ ಎತ್ತರಕ್ಕೆ ಸವರಿಕೊಂಡಿದ್ದರೆ ಅದು ಕೊಳವೆಯ ಗೋಡೆಯ ಎಣ್ಣೆ. ಕೆಳಗಿನ ಮಟ್ಟವನ್ನೇ ಹಿಡಿಯಬೇಕು.

ಗುರುತುಗಳು ಒಂದೊಂದು ಕಾರಿನಲ್ಲಿ ಒಂದೊಂದು ಬಗೆ. ಎಫ್ ಮತ್ತು ಎಲ್ ಎಂಬ ಅಕ್ಷರ ಇರಬಹುದು, ಎರಡು ತೂತು ಇರಬಹುದು, ಎರಡು ಗೆರೆಗಳ ನಡುವೆ ಜಾಳಿಗೆಯಂತೆ ಗೀಚಿರಬಹುದು. ಮೇಲಿನದು ತುಂಬಿದ ಗುರುತು, ಕೆಳಗಿನದು ಕನಿಷ್ಠದ ಗುರುತು. ಕೆಳಗಿನ ಗುರುತೆಂದರೆ ಎಣ್ಣೆ ಮುಗಿದ ಗುರುತು ಎಂದು ಕೆಲವರು ತಿಳಿದು, ಮೂರು ಲೀಟರಿನ ಡಬ್ಬಿ ತಂದು ತಯಾರಾಗುತ್ತಾರೆ. ಹಾಗಲ್ಲ. ಸಣ್ಣ ಕಾರಿನ ಇಂಜಿನ್ನಿನಲ್ಲಿ ಒಟ್ಟು ಮೂರು ಲೀಟರಿನ ಆಸುಪಾಸು ಎಣ್ಣೆ ಇರುವುದಾದರೆ, ಎರಡು ಗುರುತುಗಳ ನಡುವಣ ಅಂತರ ಅನೇಕ ಕಾರುಗಳಲ್ಲಿ ಒಂದು ಲೀಟರ್ ಅಥವಾ ಅದಕ್ಕೆ ಸ್ವಲ್ಪ ಕಡಿಮೆ.

ಈ ಅಂತರ ಗೊತ್ತಿದ್ದರೆ ಉಳಿದದ್ದು ಶಾಲೆಯಲ್ಲಿ ಕಲಿತ ತ್ರೈರಾಶಿ. ಅಂತರ ಒಂದು ಲೀಟರ್ ಎಂದಿಟ್ಟುಕೊಳ್ಳಿ. ಎಣ್ಣೆ ನಡುಮಧ್ಯದಲ್ಲಿದ್ದರೆ ಬೇಕಾದದ್ದು 500 ಮಿಲಿ ಲೀಟರ್. ಮುಕ್ಕಾಲು ಮಟ್ಟದಲ್ಲಿದ್ದರೆ 250. ಅಂತರ 800 ಮಿಲಿ ಲೀಟರಿನ ಕಾರಾದರೆ ನಡುಮಧ್ಯಕ್ಕೆ 400, ಮುಕ್ಕಾಲಿಗೆ 200. ಆದರೆ ಲೆಕ್ಕ ಬಂದಷ್ಟನ್ನೂ ಒಮ್ಮೆಗೇ ಸುರಿಯಬಾರದು. ಇದನ್ನು ನಾನು ಹೇಳದಿದ್ದರೆ ಬೇರೆ ಯಾರು ಹೇಳಬೇಕು? 500 ಬೇಕೆಂದು ಲೆಕ್ಕ ಬಂದರೆ ಮೊದಲು 250 ಹಾಕಿ, ಕೆಲವು ನಿಮಿಷ ಕಾದು, ಕಡ್ಡಿ ಒರೆಸಿ ನೋಡಿ, ಅನಂತರ ಮತ್ತೆ 100, ಮತ್ತೆ ನೋಡುವುದು. ಮೇಲಿನ ಗುರುತಿಗೆ ಗೋಧಿಕಾಳಿನಷ್ಟು ಕೆಳಗೆ ನಿಂತರೆ ಬಹಳ ಒಳ್ಳೆಯದು. ಕಡಿಮೆಯಾದದ್ದನ್ನು ಎರಡು ನಿಮಿಷದಲ್ಲಿ ಹಾಕಬಹುದು. ಹೆಚ್ಚಾದದ್ದನ್ನು ತೆಗೆಯುವ ಕಷ್ಟ ಕಾಕಾನ ಮಗನಿಗೆ ಗೊತ್ತು.

ಎಣ್ಣೆ ಸುರಿಯುವುದು ಕಡ್ಡಿಯ ಕೊಳವೆಯಲ್ಲಲ್ಲ, ಇಂಜಿನ್ನಿನ ತಲೆಯ ಮೇಲಿನ ದೊಡ್ಡ ಮುಚ್ಚಳ ಬಿಚ್ಚಿ ಅಲ್ಲಿ. ಇಂಜಿನ್ ಆರಿರಬೇಕು. ಆಲಿಕೆ ಒಣಗಿರಬೇಕು, ಧೂಳು ಇರಬಾರದು. ಮುಚ್ಚಳ ಹಾಕಲು ಮರೆತು ಹೊರಟವರ ಇಂಜಿನ್ನು ಎಣ್ಣೆಯ ಅಭ್ಯಂಜನ ಮಾಡಿಸಿಕೊಂಡದ್ದನ್ನು ಎಲ್ಲ ಗ್ಯಾರೇಜಿನವರೂ ನೋಡಿರುತ್ತಾರೆ. ಪೂರ್ತಿ ಎಣ್ಣೆ ಬದಲಿಸಿ ಹೊಸ ಫಿಲ್ಟರ್ ಹಾಕಿದಾಗ ಇನ್ನೊಂದು ಸೂಕ್ಷ್ಮವಿದೆ. ಖಾಲಿ ಫಿಲ್ಟರ್ ತಾನೊಂದಿಷ್ಟು ಎಣ್ಣೆ ಕುಡಿಯುತ್ತದೆ. ಆದ್ದರಿಂದ ಒಂದೆರಡು ನಿಮಿಷ ಇಂಜಿನ್ ಓಡಿಸಿ, ಆರಿಸಿ, ಕಾದು, ಪುನಃ ಅಳೆದು ಕೊರತೆ ತುಂಬಬೇಕು.

ಯಾವ ಎಣ್ಣೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಡಬ್ಬಿಯ ಮೇಲೆ 5ಡಬ್ಲ್ಯು-30, 20ಡಬ್ಲ್ಯು-40 ಎಂಬಂಥ ಅಂಕಿಗಳಿರುತ್ತವೆ. ಎಸ್‌ಎಇ ಎಂಬ ಅಮೆರಿಕದ ಇಂಜಿನಿಯರುಗಳ ಸಂಸ್ಥೆ 1911ರಲ್ಲಿ ಮೊದಲಿಟ್ಟ ಪದ್ಧತಿ ಬೆಳೆದು ಬಂದ ರೂಪ ಇದು. ಡಬ್ಲ್ಯು ಎಂದರೆ ಅವರ ಭಾಷೆಯ ಚಳಿಗಾಲ. ಮೊದಲ ಅಂಕಿ ಕಡಿಮೆಯಾದಷ್ಟೂ ಎಣ್ಣೆ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ; ಎರಡನೆಯ ಅಂಕಿ ಹೆಚ್ಚಿದಷ್ಟೂ ಕಾದ ಇಂಜಿನ್ನಿನಲ್ಲಿ ಅದು ಮಂದವಾಗಿ ಉಳಿಯುತ್ತದೆ. ಕಾಕಾಗೆ ಈಗಲೂ ಮಂದ ಎಣ್ಣೆಯ ಮೇಲೆ ಮೋಹ. "ಪದ್ಮಿನಿಗೆ ಹಾಕತಿದ್ವಲ್ಲ ದಪ್ಪ ಎಣ್ಣಿ, ಅದ ಚಲೋ" ಎನ್ನುತ್ತಾರೆ. ಹಳೆಯ ಇಂಜಿನ್ನಿನ ಮಟ್ಟಿಗೆ ಅದು ನಿಜ. ಹೊಸ ಇಂಜಿನ್ನುಗಳಲ್ಲಿ ಸಂದುಗಳೂ ಎಣ್ಣೆಯ ಕಾಲುವೆಗಳೂ ಕಿರಿದಾಗಿ, 0ಡಬ್ಲ್ಯು-20ರಂಥ ತೆಳು ಎಣ್ಣೆಗೆಂದೇ ರಚಿತವಾಗಿರುತ್ತವೆ. ಕೈಪಿಡಿ ಹೇಳಿದ ಅಂಕಿಯನ್ನೇ ಹಾಕಬೇಕು. ದಾರಿಯಲ್ಲಿ ಅದೇ ಕಂಪನಿಯ ಡಬ್ಬಿ ಸಿಗದಿದ್ದರೆ ಬೇರೆ ಕಂಪನಿಯ ಅದೇ ಅಂಕಿಯ, ಅದೇ ದರ್ಜೆಯ ಎಣ್ಣೆಯನ್ನು ಕೊರತೆಗೆ ಹಾಕುವುದರಲ್ಲಿ ಬಾಧಕವಿಲ್ಲ. ಡೀಸೆಲ್ ಗಾಡಿಗೆ ಡೀಸೆಲ್ಲಿನ ದರ್ಜೆ ಇರಬೇಕೆಂಬುದನ್ನು ಮರೆಯಬಾರದು.

ಬಣ್ಣ ನೋಡಿ ಎಣ್ಣೆಯನ್ನು ಅಳೆಯುವವರಿದ್ದಾರೆ. ಡೀಸೆಲ್ ಇಂಜಿನ್ನಿನ ಎಣ್ಣೆ ಬದಲಿಸಿದ ಸ್ವಲ್ಪ ದಿನದಲ್ಲೇ ಕಪ್ಪಾಗುತ್ತದೆ, ಅದು ಮಸಿಯನ್ನು ಹಿಡಿದುಕೊಳ್ಳುವ ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಗ್ಯಾಸಿನ ಇಂಜಿನ್ನಿನ ಎಣ್ಣೆ ಬಹಳ ದಿನ ತಿಳಿಯಾಗಿಯೇ ಕಾಣುತ್ತದೆ. ಅದನ್ನು ನಂಬಿ ಅವಧಿ ಮೀರಿಸಬಾರದು. ಅನೇಕ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದು ಅವಧಿ ಇದೆ. ಆದರೆ ಎಣ್ಣೆ ಹಾಲು ಹಾಕಿದ ಕಾಫಿಯಂತೆ ಕಂಡರೆ ರೇಡಿಯೇಟರಿನ ನೀರು ಬೆರೆತಿರಬಹುದು. ಎಣ್ಣೆ ಹಾಕದೆಯೇ ಮಟ್ಟ ಏರಿದ್ದರೆ, ಪೆಟ್ರೋಲ್ ಡೀಸೆಲ್ಲಿನ ವಾಸನೆ ಹೊಡೆದರೆ, ಇಂಧನ ಬೆರೆಯುತ್ತಿದೆ. ಇವುಗಳಲ್ಲಿ ಯಾವುದಾದರೂ ಕಂಡರೆ ಗ್ಯಾರೇಜಿಗೆ ಹೋಗತಕ್ಕದ್ದು.

ಸ್ವಲ್ಪ ಎಣ್ಣೆ ಉರಿದುಹೋಗುವುದು ಎಲ್ಲ ಇಂಜಿನ್ನಿಗೂ ಸಹಜ. ಕೆಲವು ತಯಾರಕರ ಕೈಪಿಡಿಗಳು 1000 ಕಿಲೋಮೀಟರಿಗೆ ಅರ್ಧ ಲೀಟರಿನವರೆಗೂ ಆಗಬಹುದೆನ್ನುತ್ತವೆ. ನಿಮ್ಮ ಗಾಡಿ ಎಷ್ಟು ಕುಡಿಯುತ್ತದೆ ಎಂಬುದು ಪುಸ್ತಕದಿಂದ ತಿಳಿಯುವುದಿಲ್ಲ, ವಹಿಯಿಂದ ತಿಳಿಯುತ್ತದೆ. ಒಂದು ಪೆನ್ನು, ಒಂದು ನೋಟುಪುಸ್ತಕ ಸಾಕು. ತಾರೀಖು, ಮೀಟರಿನ ಕಿಲೋಮೀಟರ್, ಕಡ್ಡಿಯ ಮಟ್ಟ, ಹಾಕಿದ ಎಣ್ಣೆ, ಇಷ್ಟು ನಾಲ್ಕು ಮನೆಗಳು. ಕಾಕಾನ ಗಾಡಿಗೆ ನಾನೇ ಈ ವಹಿ ಹಾಕಿಕೊಟ್ಟೆ. ಮೂರು ತಿಂಗಳು ಬರೆದ ಮೇಲೆ ಅದು ಸುಮಾರು 2000 ಕಿಲೋಮೀಟರಿಗೆ ಕಾಲು ಲೀಟರ್ ಕೇಳುತ್ತದೆಂದು ಗೊತ್ತಾಯಿತು. ಇದ್ದಕ್ಕಿದ್ದಂತೆ ಆ ಕಾಲು ಲೀಟರ್ 500 ಕಿಲೋಮೀಟರಿಗೇ ಬೇಕಾದರೆ ಎಲ್ಲೋ ಸೋರಿಕೆ ಇದೆ ಎಂದು ವಹಿಯೇ ಹೇಳುತ್ತದೆ. ಬಾಡಿಗೆ ಗಾಡಿಯವರು ವಾರಕ್ಕೊಮ್ಮೆ, ಮನೆಯ ಗಾಡಿಯವರು ತಿಂಗಳಿಗೆರಡು ಸಲ, ಊರಿಗೆ ಹೊರಡುವ ಮುನ್ನಾದಿನ ಎಲ್ಲರೂ ನೋಡಿದರೆ ಸಾಕು.

ಮೋಟಾರ್ ಸೈಕಲಿನವರಿಗೆ ಒಂದು ಮಾತು. ಕೆಲವು ಬೈಕುಗಳಲ್ಲಿ ಅಳತೆ ಕಡ್ಡಿಯನ್ನು ತಿರುಪದೆ ಬರೇ ಇಳಿಬಿಟ್ಟು ನೋಡಬೇಕು, ಕೆಲವದರಲ್ಲಿ ತಿರುಪಿ ನೋಡಬೇಕು, ಇನ್ನು ಕೆಲವಕ್ಕೆ ಗಾಜಿನ ಕಿಂಡಿ ಇದೆ. ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಲ್ಲಿಸಿ ನೋಡಿದರೆ ನನಗಾದದ್ದೇ ಆಗುತ್ತದೆ. ಹೊಸ ಬೆಲೆಬಾಳುವ ಕಾರುಗಳಲ್ಲಿ ಕೆಲವಕ್ಕೆ ಕಡ್ಡಿಯೇ ಇಲ್ಲ, ಮುಂದಿನ ಪರದೆಯ ಮೇಲೆ ಮಟ್ಟ ಮೂಡುತ್ತದೆ. ಬ್ಯಾಟರಿಯ ಕಾರಿನವರಿಗೆ ಈ ಪಾಠದ ಅಗತ್ಯವೇ ಇಲ್ಲ.

ಖಾಲಿ ಡಬ್ಬಿಯನ್ನು ಮಾತ್ರ ಹಾಗೆಯೇ ಭಂಗಾರಿನವನಿಗೆ ಕೊಡಬೇಡಿ. ಮುಚ್ಚಳ ಕತ್ತರಿಸಿ, ಮೊಳೆಯಿಂದ ಎರಡು ತೂತು ಹೊಡೆದು ಕೊಡಿ. ಇಲ್ಲದಿದ್ದರೆ ಅದರೊಳಗೆ ಕಲಬೆರಕೆ ಎಣ್ಣೆ ಕುಳಿತು ಬೇರೆಯವರ ಇಂಜಿನ್ನಿಗೆ ಹೋದೀತು. ಇಳಿಸಿದ ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯುವುದು ಕಾನೂನಿಗೂ ವಿರುದ್ಧ, ನೀರಿಗೂ ವಿಷ. ಅದನ್ನು ಸಂಗ್ರಹಿಸಿ ಕೊಡುವ ಗ್ಯಾರೇಜಿಗೇ ಒಪ್ಪಿಸಬೇಕು.

ಹೆಚ್ಚಾಗಿ ಓಡುವ ಐದಾರು ಕಾರುಗಳ ಕೈಪಿಡಿಗಳನ್ನು ಓದಿ, ಎರಡು ಗುರುತುಗಳ ನಡುವಣ ಅಂತರ, ಒಟ್ಟು ಎಣ್ಣೆ, ಎಣ್ಣೆಯ ಅಂಕಿ, ಇವನ್ನು ಕನ್ನಡದಲ್ಲಿ ಬರೆದು ವಾಚನಾಲಯದ ಬಾಗಿಲ ಪಕ್ಕದ ಹಲಗೆಗೆ ಅಂಟಿಸಿದ್ದೇನೆ. ತಮ್ಮ ಗಾಡಿಯ ಹೆಸರು ಅಲ್ಲಿ ಇಲ್ಲದವರು ಕೈಪಿಡಿಯನ್ನು ಭಾನುವಾರ ಬೆಳಿಗ್ಗೆ ತಂದರೆ ಕೂಡಿಯೇ ಓದಿ ಬರೆದುಕೊಳ್ಳೋಣ. ಕಾಕಾ ಈಗ ಕಣ್ಣು ಚೆನ್ನಾಗಿ ಕಾಣುವುದರಿಂದ ತಾವೇ ಅಳೆಯುತ್ತಾರೆ. ನಾನು ಪಕ್ಕದಲ್ಲಿ ನಿಂತು ವಹಿ ಬರೆಯುತ್ತೇನೆ.